ಕೆಳಗೆ ಅಂಗಡಿ, ಮೇಲೆ ಮನೆ: ಲಿಫ್ಟ್ ಹಾಕಿಸೋ ಮುನ್ನ ಇಷ್ಟು ತಿಳಿದಿರಲಿ

ಶಿಕಾರಿಪುರ/ಸೊರಬ: ಪೇಟೆ ಬೀದಿಯಲ್ಲಿ ಹೊಸದಾಗಿ ಎದ್ದ ಕಟ್ಟಡಗಳನ್ನು ನೋಡಿದರೆ ಹೆಚ್ಚಿನವುಗಳ ಲೆಕ್ಕಾಚಾರ ಒಂದೇ. ರಸ್ತೆ ಮಟ್ಟದಲ್ಲಿ ಎರಡೋ ಮೂರೋ ಮಳಿಗೆ, ಅದರ ಮೇಲೆ ಮಾಲೀಕರ ಮನೆ, ಅದಕ್ಕೂ ಮೇಲೆ ಬಾಡಿಗೆ ಮನೆ ಅಥವಾ ತಾರಸಿ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಎಲ್ಲ ಕಡೆ ಇದೇ ಕಥೆ. ಕಟ್ಟುವಾಗ ಮನೆಯ ಯಜಮಾನರಿಗೆ ನಲವತ್ತೈದು, ಐವತ್ತು ವರ್ಷ. ಮೆಟ್ಟಿಲು ಯಾರಿಗೂ ಲೆಕ್ಕಕ್ಕೇ ಇರಲಿಲ್ಲ. ಈಗ ಅದೇ ಯಜಮಾನರಿಗೆ ಎಪ್ಪತ್ತು. ಮಂಡಿ ನೋವು, ಬಿಪಿ, ಸಕ್ಕರೆ ಕಾಯಿಲೆ. ‘ಕೆಳಗೆ ಬಾ ಅಪ್ಪಾಜಿ, ಅಂಗಡಿಲಿ ಸ್ವಲ್ಪ ಹೊತ್ತು ಕೂತ್ಕೋ’ ಎಂದು ಮಗ ಕರೆದರೆ ‘ಇಳಿಯೋದು ಇಳೀತೀನಿ ಮಾರಾಯ, ಮತ್ತೆ ಹತ್ತೋರ್ಯಾರು?’ ಅನ್ನೋ ಉತ್ತರ ಬರುತ್ತೆ. ಕಟ್ಟಡ ಕಟ್ಟಿಸಿದವರೇ ಮೇಲಿನ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಆಸ್ಪತ್ರೆಗೆ ಹೋಗೋದಿದ್ದರೆ ಮಾತ್ರ ಇಳಿಯೋದು.

ಹಾಗಾಗಿ ದೊಡ್ಡ ಊರಿನ ಅಪಾರ್ಟ್‌ಮೆಂಟಿಗೆ ಮಾತ್ರ ಅಂದುಕೊಂಡಿದ್ದ ಲಿಫ್ಟ್ ವಿಚಾರ ಈಗ ತಾಲ್ಲೂಕು ಪೇಟೆಗಳಲ್ಲೂ ಚರ್ಚೆಗೆ ಬರುತ್ತಿದೆ. ಒಂದು ಲಿಫ್ಟ್‌ಗೆ ಹೊಸ ಕಾರಿನಷ್ಟು ದುಡ್ಡು ಬೇಕು. ಕಾರು ಬೇಡವೆನಿಸಿದರೆ ಮಾರಬಹುದು, ಗೋಡೆಯೊಳಗೆ ಕೂರಿಸಿದ ಲಿಫ್ಟನ್ನು ಮಾರೋಕಾಗಲ್ಲ. ಅದಕ್ಕೇ ಮುಂಗಡ ಕೊಡುವ ಮೊದಲೇ ಒಂದಿಷ್ಟು ವಿಷಯ ಗೊತ್ತಿರಬೇಕು.

ಮೊದಲು ಮೆಟ್ಟಿಲು ನೋಡಿ

ಎಲ್ಲರಿಗೂ ಲಿಫ್ಟೇ ಬೇಕು ಅಂತೇನಿಲ್ಲ. ನಮ್ಮ ಕಡೆ ಅಂಗಡಿ ಪಕ್ಕದಲ್ಲಿ ಉಳಿದ ಮೂರಡಿ ಜಾಗದಲ್ಲಿ ಹೇಗೋ ತುರುಕಿದ ಮೆಟ್ಟಿಲುಗಳೇ ಜಾಸ್ತಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯ ಮೆಟ್ಟಿಲಿನ ಎತ್ತರ 190 ಮಿ.ಮೀ. ಅಂದರೆ ಏಳೂವರೆ ಇಂಚು ಮೀರಬಾರದು, ಪಾದ ಇಡುವ ಅಗಲ 250 ಮಿ.ಮೀ.ಗಿಂತ ಕಡಿಮೆ ಇರಬಾರದು. ಟೇಪ್ ಹಿಡಿದು ಅಳೆದರೆ ಒಂಬತ್ತು ಇಂಚಿನ ಮೆಟ್ಟಿಲುಗಳೂ ಸಿಗುತ್ತವೆ. ಇಂಥದ್ದನ್ನು ಒಡೆದು ಸರಿ ಮಾಡಿಸಿ, ಎರಡೂ ಬದಿಗೆ ಹಿಡಿಕೆ ಹಾಕಿಸಿ, ರಾತ್ರಿ ಬೆಳಕು ಕೊಟ್ಟರೆ ಕೆಲವರ ಕಷ್ಟ ಅರ್ಧಕ್ಕೆ ಇಳಿಯುತ್ತೆ.

ಇನ್ನೊಂದು ದಾರಿ, ಕೆಳಗಿನ ಮಳಿಗೆಗಳಲ್ಲಿ ಒಂದನ್ನು ಬಿಡಿಸಿಕೊಂಡು ಹಿರಿಯರಿಗೆ ಕೋಣೆ, ಬಚ್ಚಲು ಮಾಡಿಕೊಡೋದು. ಬಾಡಿಗೆ ಹೋಗುತ್ತೆ ಅನ್ನೋದು ನಿಜ. ಆದರೆ ಲಿಫ್ಟಿನ ಬೆಲೆಯನ್ನು ಆ ಮಳಿಗೆಯ ತಿಂಗಳ ಬಾಡಿಗೆಯಿಂದ ಭಾಗಿಸಿ ನೋಡಿದರೆ ಎಷ್ಟು ತಿಂಗಳ ಬಾಡಿಗೆಗೆ ಸಮ ಅನ್ನೋದು ಗೊತ್ತಾಗುತ್ತೆ. ಆ ಲೆಕ್ಕ ಹಾಕಿದ ಮೇಲೂ ಲಿಫ್ಟೇ ಸರಿ ಅನ್ನುವವರು ಹೆಚ್ಚು. ಅಡುಗೆಮನೆ, ಮೊಮ್ಮಕ್ಕಳು, ದೇವರ ಕೋಣೆ ಎಲ್ಲ ಮೇಲೆ ಇರುವಾಗ ವಯಸ್ಸಾದವರನ್ನು ಮಾತ್ರ ಕೆಳಗೆ ಮಲಗಿಸೋದಕ್ಕೆ ಮನಸ್ಸು ಒಪ್ಪಲ್ಲ.

ಜಾಗ ಎಲ್ಲಿ, ಎಷ್ಟು?

ಲಿಫ್ಟಿಗೆ ಮೂರು ಅಳತೆ ಮುಖ್ಯ. ಒಂದು, ಮೇಲೆ ಕೆಳಗೆ ಓಡಾಡುವ ಬಾವಿಯಂಥ ಜಾಗ. ಎರಡು, ಅದರ ತಳದ ಗುಂಡಿ. ಎಲ್ಲರೂ ಪಿಟ್ ಅಂತಲೇ ಕರೆಯೋದು. ಮೂರು, ಕೊನೆಯ ಮಹಡಿಯ ನೆಲದಿಂದ ಮೇಲಕ್ಕೆ ಬೇಕಾಗುವ ಎತ್ತರ.

ಆಸ್ಪತ್ರೆ, ಲಾಡ್ಜ್‌ಗಳಲ್ಲಿ ಕಾಣುವ ಮಾಮೂಲಿ ಹಗ್ಗದ ಲಿಫ್ಟಿಗೆ ನಾಲ್ಕೈದು ಅಡಿ ಆಳದ ಪಿಟ್ ಬೇಕು, ತಾರಸಿ ಮೇಲೆ ಇನ್ನೊಂದು ಗೋಪುರದ ಹಾಗೆ ಕಟ್ಟಬೇಕು. ಹಗ್ಗ ಅಂದರೆ ಇಲ್ಲಿ ಉಕ್ಕಿನ ರೋಪು. ಒಂದು ತುದಿಗೆ ಕ್ಯಾಬಿನ್, ಇನ್ನೊಂದು ತುದಿಗೆ ಸಮತೂಕದ ಭಾರ, ಮಧ್ಯೆ ಮೋಟಾರು. ಬಾವಿಯ ರಾಟೆಯ ತತ್ವವೇ. ಎರಡನೆಯದು ಹೈಡ್ರಾಲಿಕ್: ಟಿಪ್ಪರ್ ಲಾರಿಯ ತೊಟ್ಟಿ ಎತ್ತುವ ಹಾಗೆ ಎಣ್ಣೆಯ ಒತ್ತಡದಿಂದ ಕ್ಯಾಬಿನ್ ಮೇಲೇರುತ್ತೆ. ಮೂರನೆಯದು ಸ್ಕ್ರೂ ಮಾದರಿ. ಉದ್ದನೆಯ ಸ್ಕ್ರೂ ಕಂಬದ ಮೇಲೆ ನಟ್ ತಿರುಗುತ್ತಾ ಏರುತ್ತೆ, ಇಳಿಯುತ್ತೆ. ವೇಗ ಕಡಿಮೆ, ಪಿಟ್ ಕೆಲವೇ ಇಂಚು ಸಾಕು. ಗಾಜಿನ ಕೊಳವೆಯಂಥ ನಿರ್ವಾತ ಲಿಫ್ಟೂ ಇದೆ. ನೋಡೋಕೆ ಚಂದ, ಪಿಟ್ಟೇ ಬೇಡ. ಆದರೆ ಅದರ ಚಿಕ್ಕ ಮಾದರಿಗಳಲ್ಲಿ ಗಾಲಿಕುರ್ಚಿ ಹಿಡಿಸೋದಿಲ್ಲ. ವಯಸ್ಸಾದವರಿಗಾಗಿ ಹಾಕಿಸೋ ಲಿಫ್ಟಿನೊಳಗೆ ಗಾಲಿಕುರ್ಚಿ ಹೋಗದಿದ್ದರೆ ಹಾಕಿಸಿ ಏನು ಪ್ರಯೋಜನ?

ಈ ಮಾತನ್ನು ಒತ್ತಿ ಹೇಳಬೇಕು. ಇವತ್ತು ಕೋಲು ಹಿಡಿದು ನಡೆಯುವವರು ನಾಲ್ಕು ವರ್ಷದ ಮೇಲೆ ಕುರ್ಚಿಯಲ್ಲಿ ಕೂರಬೇಕಾಗಬಹುದು. ಸಾಮಾನ್ಯ ಗಾಲಿಕುರ್ಚಿ ಎರಡಡಿಗಿಂತ ಸ್ವಲ್ಪ ಹೆಚ್ಚು ಅಗಲ, ಮೂರೂವರೆ ಅಡಿ ಉದ್ದ ಇರುತ್ತೆ. ಕುರ್ಚಿ ತಳ್ಳುವವರೂ ಒಳಗೆ ನಿಲ್ಲಬೇಕಾದರೆ ಕ್ಯಾಬಿನ್ ಸುಮಾರು 1100 ಮಿ.ಮೀ. ಅಗಲ, 1400 ಮಿ.ಮೀ. ಆಳ ಇದ್ದರೆ ಅನುಕೂಲ. ಜಾಗ ಇಲ್ಲದಿದ್ದರೂ ಬಾಗಿಲಿನ ಅಗಲದಲ್ಲಿ ಮಾತ್ರ ರಾಜಿ ಬೇಡ. ಕುರ್ಚಿಯೊಂದನ್ನು ಔಷಧಿ ಅಂಗಡಿಯಿಂದ ಬಾಡಿಗೆಗೋ ಪರಿಚಯದವರಿಂದ ಕೈಗಡವೋ ತಂದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಕ್ಯಾಬಿನ್ ಗೆರೆ ಎಳೆದು ಒಳಗೆ ಹೊರಗೆ ಓಡಿಸಿ ನೋಡಿದರೆ ಕ್ಯಾಟಲಾಗ್ ಹೇಳದ ಸತ್ಯ ತಿಳಿಯುತ್ತೆ.

ಹಾಗೇ, ಲಿಫ್ಟ್ ಬಾಗಿಲಿಗೂ ರಸ್ತೆಗೂ ಮಧ್ಯೆ ಎರಡು ಮೆಟ್ಟಿಲು ಉಳಿದುಬಿಟ್ಟರೆ ಕೆಲಸ ಅಲ್ಲಿಗೇ ನಿಂತಿತು. ರ‍್ಯಾಂಪ್ ಹಾಕೋದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಒಂದೂವರೆ ಅಡಿ ಜಗಲಿಗೆ ಹದಿನೆಂಟು ಅಡಿ. ಅಷ್ಟು ಜಾಗ ಚರಂಡಿ ದಾಟದೆ ಸಿಗುತ್ತಾ ಅನ್ನೋದನ್ನು ಮೊದಲೇ ನೋಡಬೇಕು.

ಹಳೇ ಮನೆಗಳ ವಿಚಾರ ಬೇರೆ. ಮಣ್ಣಿನ ಗೋಡೆ ಅಥವಾ ಜಂಬಿಟ್ಟಿಗೆ ಗೋಡೆ, ಮೇಲೆ ಹೆಂಚು ಇರುವ ಮನೆಗೆ ಲಿಫ್ಟಿನ ಭಾರವನ್ನು ಗೋಡೆಯ ಮೇಲೆ ಹೊರಿಸೋಕೆ ಬರಲ್ಲ. ತನ್ನ ಕಾಲಮೇಲೆ ತಾನೇ ನಿಲ್ಲುವ ಕಬ್ಬಿಣದ ಚೌಕಟ್ಟನ್ನು ಹೊರಗೋಡೆಗೆ ಒತ್ತಿಕೊಂಡಂತೆ ಎಬ್ಬಿಸಬೇಕಾಗುತ್ತೆ. ಆರ್‌ಸಿಸಿ ಮನೆಯಾದರೂ ಸ್ಲ್ಯಾಬ್ ಕತ್ತರಿಸುವ ಮುನ್ನ ಎಂಜಿನಿಯರ್ ನೋಡಲೇಬೇಕು. ‘ಒಂದು ದಿನದ ಕೆಲಸ ಬಿಡಿ ಸಾರ್, ಕಟ್ ಮಾಡಿ ಕೊಡ್ತೀವಿ’ ಅನ್ನೋ ಮಾತಿಗೆ ಮರುಳಾಗಿ ಬೀಮ್ ಕತ್ತರಿಸಿದರೆ ಮೇಲಿನ ಮಹಡಿಗೇ ಅಪಾಯ.

ಮಳೆಗಾಲದ ಪಿಟ್

ಕಂಪನಿಯವರು ಹೇಳದೇ ಬಿಡುವ ವಿಷಯ ಇದು. ಅರೆಮಲೆನಾಡಿನ ಈ ಎರಡೂ ತಾಲ್ಲೂಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒದ್ದೆ. ಕೆರೆ ಪಕ್ಕದ, ಗದ್ದೆ ಬಯಲಿನ ಬಡಾವಣೆಗಳಲ್ಲಿ ಎರಡಡಿ ಅಗೆದರೆ ನೀರು ಜಿನುಗುತ್ತೆ. ಆ ನೀರು ಪಿಟ್‌ಗೆ ಇಳಿದರೆ ಸ್ಪ್ರಿಂಗ್, ಸ್ವಿಚ್, ಗೈಡ್ ರೈಲು ತುಕ್ಕು ಹಿಡಿಯುತ್ತವೆ. ಪಿಟ್ಟಿನ ತಳ ಮತ್ತು ನಾಲ್ಕೂ ಬದಿಗೆ ಆರ್‌ಸಿಸಿ, ಒಳಗೆ ವಾಟರ್‌ಪ್ರೂಫಿಂಗ್ ಆಗಬೇಕು. ಪಿಟ್ ಮುಗಿಸಿ ಒಂದು ಮಳೆಗಾಲ ಬಿಟ್ಟು ಲಿಫ್ಟ್ ಕೂರಿಸುವಷ್ಟು ತಾಳ್ಮೆ ಇದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಮೇಲುಗಡೆಯೂ ಅಷ್ಟೇ. ಸೋರಿಕೆಗೆ ಹೆದರಿ, ಅಡಿಕೆ ಒಣಗಿಸೋ ಆಸೆಗೆ ತಾರಸಿ ಮೇಲೆ ಶೀಟ್ ಹೊದಿಸಿದವರು ಬಹಳ ಜನ. ಲಿಫ್ಟಿನ ತಲೆ ಆ ಶೀಟ್ ತೂರಿ ಹೊರಗೆ ಬಂದರೆ ಸೇರುವ ಜಾಗದಲ್ಲೇ ಸೋರೋದು, ಕೆಳಗಿರೋದು ಕರೆಂಟಿನ ಪ್ಯಾನೆಲ್.

ಕರೆಂಟ್ ಹೋದರೆ?

ಎಲ್ಲರೂ ಮೊದಲು ಕೇಳೋ ಪ್ರಶ್ನೆ ಇದೇ, ಕೇಳಲೇಬೇಕಾದದ್ದೂ ಹೌದು. ಉತ್ತರದ ಹೆಸರು ಎಆರ್‌ಡಿ. ಕರೆಂಟ್ ಹೋದ ಕೂಡಲೇ ಬ್ಯಾಟರಿಯ ಬಲದಿಂದ ಕ್ಯಾಬಿನ್ನನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಸಾಧನ. ಇದನ್ನು ‘ಬೇಕಾದರೆ ಹಾಕಿಸಿಕೊಳ್ಳಿ’ ಅನ್ನೋ ಪಟ್ಟಿಗೆ ಸೇರಿಸಿ ಬೆಲೆ ಕಡಿಮೆ ತೋರಿಸೋದುಂಟು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವ ನಮ್ಮ ಊರುಗಳಲ್ಲಿ ಎಆರ್‌ಡಿ ಇಲ್ಲದ ಲಿಫ್ಟ್ ತರಲೇಬಾರದು. ಅದರ ಬ್ಯಾಟರಿಗೂ ಆಯಸ್ಸಿದೆ, ಬದಲಾಯಿಸುತ್ತಾ ಇರಬೇಕು. ಹೈಡ್ರಾಲಿಕ್ ಮಾದರಿಯಲ್ಲಿ ವಾಲ್ವ್ ಸಡಿಲಿಸಿ ನಿಧಾನಕ್ಕೆ ಕೆಳಗಿಳಿಸುವ ವ್ಯವಸ್ಥೆ ಇರುತ್ತೆ. ಇದನ್ನು ಮನೆಯ ಇಬ್ಬರಾದರೂ ಕಲಿತಿರಬೇಕು, ಮಗನೊಬ್ಬನಿಗೇ ಗೊತ್ತಿದ್ದು ಅವನು ಶಿವಮೊಗ್ಗಕ್ಕೆ ಹೋಗಿದ್ದರೆ ಕಷ್ಟ.

ಮನೆ ಲಿಫ್ಟ್‌ಗಳಲ್ಲಿ ಸಿಂಗಲ್ ಫೇಸಿನಲ್ಲಿ ಓಡುವವೂ ಇವೆ, ತ್ರೀ ಫೇಸ್ ಕೇಳುವವೂ ಇವೆ. ಎರಡರಲ್ಲೂ ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಸಾಕಾಗುತ್ತಾ ಅಂತ ನೋಡಿಕೊಳ್ಳಬೇಕು. ಬಿಲ್ಲಿನ ಭಯ ಮಾತ್ರ ಬೇಡ. ಎರಡು ಕಿಲೋವ್ಯಾಟ್ ಮೋಟಾರು ಒಂದು ಮಹಡಿ ಏರೋಕೆ 20 ಸೆಕೆಂಡ್ ತೆಗೆದುಕೊಂಡು ದಿನಕ್ಕೆ 20 ಸಲ ಓಡಿದರೆ ಒಟ್ಟು ಏಳು ನಿಮಿಷವೂ ಆಗಲ್ಲ. ಅಂದರೆ ಕಾಲು ಯೂನಿಟ್ ಆಸುಪಾಸು. ದೀಪ, ಫ್ಯಾನ್, ಸದಾ ಎಚ್ಚರವಿರುವ ಕಂಟ್ರೋಲ್ ಪ್ಯಾನೆಲ್ ಸೇರಿದರೂ ದೊಡ್ಡ ಮೊತ್ತವಲ್ಲ. ಹೆದರಬೇಕಾದದ್ದು ಕಡಿಮೆ ವೋಲ್ಟೇಜಿಗೆ ಮತ್ತು ಏಪ್ರಿಲ್, ಮೇ ತಿಂಗಳ ಸಿಡಿಲಿಗೆ. ಸರಿಯಾದ ಅರ್ತಿಂಗ್, ಸರ್ಜ್ ತಡೆಯುವ ಸಾಧನ ಇಲ್ಲದಿದ್ದರೆ ಒಂದು ಗುಡುಗಿಗೆ ಕಂಟ್ರೋಲ್ ಬೋರ್ಡ್ ಸುಟ್ಟುಹೋಗಬಹುದು.

ವೆಲ್ಡಿಂಗ್ ಶಾಪಿನ ಲಿಫ್ಟ್

ಕಂಪನಿ ಲಿಫ್ಟಿನ ಬೆಲೆ ಕೇಳಿ ಬೆಚ್ಚಿದವರಿಗೆ ಅಗ್ಗದ ದಾರಿಯೊಂದು ಕಾಣಿಸುತ್ತೆ. ನಾಲ್ಕು ಚಾನಲ್, ಒಂದು ಮೋಟಾರು, ಒಂದು ಗೇರ್ ಬಾಕ್ಸ್, ತಂತಿ ಹಗ್ಗ, ಮಡಚುವ ಗೇಟು. ಗೋದಾಮಿಗೆ ಚೀಲ ಏರಿಸೋಕೆ ಅಂತ ಮಾಡಿಸಿದ್ದು, ಆಮೇಲೆ ‘ಒಂದು ನಿಮಿಷ ಅಲ್ವಾ’ ಅಂತ ಕೆಲಸದ ಹುಡುಗ ಹತ್ತುತ್ತಾನೆ, ಅಜ್ಜಿಯನ್ನೂ ಹತ್ತಿಸುತ್ತಾರೆ. ದೊಡ್ಡ ಅಪಾಯ ಇರೋದು ಇಲ್ಲೇ.

ಎತ್ತುವ ಯಂತ್ರ ಬಹಳ ಹಳೇದು. ಆದರೆ ಹಗ್ಗ ಹರಿದರೆ ಕ್ಯಾಬಿನ್ ಬೀಳದಂತೆ ಹಿಡಿಯುವ ಬ್ರೇಕ್ ಬರುವವರೆಗೂ ಜನ ಅದರಲ್ಲಿ ನಿಲ್ಲೋಕೆ ಹೆದರುತ್ತಿದ್ದರು. 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಎಲಿಷಾ ಓಟಿಸ್ ಎತ್ತರದ ವೇದಿಕೆಯ ಮೇಲೆ ತಾನೇ ನಿಂತು ಹಗ್ಗ ಕಡಿಸಿದರು. ವೇದಿಕೆ ಸ್ವಲ್ಪವೇ ಜಾರಿ ನಿಂತಿತು. 1857ರಲ್ಲಿ ಅದೇ ಊರಿನ ಐದು ಮಹಡಿಯ ಅಂಗಡಿಯೊಂದರಲ್ಲಿ ಅವರ ಲಿಫ್ಟ್ ಗ್ರಾಹಕರನ್ನು ಹೊತ್ತು ಓಡಿತು. ಪಿಂಗಾಣಿ, ಗಾಜಿನ ಸಾಮಾನು ಮಾರುವ ಅಂಗಡಿ ಅದು. ಇವತ್ತಿಗೂ ಜನ ಹತ್ತುವ ಹಗ್ಗದ ಲಿಫ್ಟಿನಲ್ಲಿ ವೇಗ ಮಿತಿ ಮೀರಿದರೆ ಗೈಡ್ ರೈಲನ್ನು ಕಚ್ಚಿ ಹಿಡಿಯುವ ಬ್ರೇಕ್ ಇರಲೇಬೇಕು. ಚೀಲ ಎತ್ತೋ ಹಾಯ್ಸ್ಟ್‌ನಲ್ಲಿ ಅದು ಸಾಮಾನ್ಯವಾಗಿ ಇರಲ್ಲ.

ಬಾಗಿಲೂ ಅಷ್ಟೇ ಮುಖ್ಯ. ಕ್ಯಾಬಿನ್ ಆ ಮಹಡಿಯಲ್ಲಿ ಇಲ್ಲದಾಗ ಹೊರಬಾಗಿಲು ತೆರೆಯಲೇಬಾರದು. ಬಾಗಿಲು ತೆರೆದಿರುವಾಗ ಲಿಫ್ಟ್ ಚಲಿಸಲೇಬಾರದು. ಇದಕ್ಕೆ ಇಂಟರ್‌ಲಾಕ್ ಅನ್ನುತ್ತಾರೆ. ಲಿಫ್ಟ್ ಬಂದಿದೆ ಅಂದುಕೊಂಡು ಬಾಗಿಲು ಎಳೆದು ಖಾಲಿ ಬಾವಿಗೆ ಕಾಲಿಟ್ಟವರ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಮಕ್ಕಳಿರುವ ಮನೆಗೆ ಸಂದಿಯಿರುವ ಮಡಚುವ ಗೇಟು ಬೇಡವೇ ಬೇಡ. ಕಬ್ಬಿಣದ ಪೆಟ್ಟಿಗೆಯೊಳಗೆ ಮೊಬೈಲ್ ನೆಟ್‌ವರ್ಕ್ ಸಿಗದೇ ಹೋಗಬಹುದು, ಹಾಗಾಗಿ ಮನೆಯೊಳಗೆ ಕೇಳುವ ಗಂಟೆ ಅಥವಾ ಇಂಟರ್‌ಕಾಮ್ ಇರಲಿ.

ತೂಕದ ವಿಚಾರ: ನಮ್ಮ ದೇಶದ ಲೆಕ್ಕದಲ್ಲಿ ಲಿಫ್ಟಿಗೆ ಒಬ್ಬರಿಗೆ 68 ಕೆ.ಜಿ. ಮೂರು ಜನಕ್ಕೆ 204, ನಾಲ್ಕು ಜನಕ್ಕೆ 272. ಐದು ಚೀಲ ಸಿಮೆಂಟ್ ಏರಿಸಿದರೆ 250 ಕೆ.ಜಿ. ಆಯ್ತು, ಜೊತೆಗೆ ಒಬ್ಬ ನಿಂತರೆ ನಾಲ್ಕು ಜನರ ಲಿಫ್ಟಿನ ಮಿತಿ ದಾಟಿತು. ಮನೆ ಲಿಫ್ಟ್‌ಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2002ರಲ್ಲಿ ಹೊರಡಿಸಿದ ಐಎಸ್ 15259 ಎಂಬ ಸಂಹಿತೆ ಇದೆ. ಮಾರುವವರಿಗೆ ಆ ಸಂಖ್ಯೆ ಹೇಳಿ ನೋಡಿದರೆ ಅವರ ಮುಖದಲ್ಲೇ ಅರ್ಧ ಉತ್ತರ ಸಿಗುತ್ತೆ.

ಕಾಗದ ಪತ್ರ

ಹಳೆಯ 1974ರ ಕಾಯ್ದೆಯ ಜಾಗದಲ್ಲಿ ಈಗ ಕರ್ನಾಟಕ ಲಿಫ್ಟ್‌ಗಳು, ಎಸ್ಕಲೇಟರ್‌ಗಳು ಮತ್ತು ಪ್ರಯಾಣಿಕರ ಕನ್ವೇಯರ್‌ಗಳ ಕಾಯ್ದೆ, 2012 ಇದೆ. ಇದನ್ನು ನೋಡಿಕೊಳ್ಳೋದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಕೂರಿಸುವ ಮುನ್ನ ಅನುಮತಿ, ಕೂರಿಸಿದ ಮೇಲೆ ತಪಾಸಣೆ ಮತ್ತು ಓಡಿಸಲು ಪರವಾನಗಿ, ಆಮೇಲೆ ಕಾಲಕಾಲಕ್ಕೆ ಪರಿಶೀಲನೆ ಎಂಬುದು ಕ್ರಮ. ‘ಮನೆಯೊಳಗಿನ ಲಿಫ್ಟ್, ಯಾರು ಕೇಳ್ತಾರೆ’ ಎಂಬ ಮಾತು ಅನಾಹುತ ಆಗುವವರೆಗೆ ಮಾತ್ರ ನಡೆಯೋದು. ಮೇಲಿನ ಮನೆ ಬಾಡಿಗೆಗೆ ಕೊಟ್ಟವರಂತೂ ಇನ್ನೂ ಎಚ್ಚರ ಇರಬೇಕು, ಬಾಡಿಗೆದಾರರ ಮಕ್ಕಳಿಗೆ ಪೆಟ್ಟಾದರೆ ಮೊದಲು ಕೇಳುವುದು ಮಾಲೀಕರನ್ನೇ. ಅನುಮತಿ, ಪರವಾನಗಿ ಮಾಡಿಸಿಕೊಡುವ ಜವಾಬ್ದಾರಿ ಯಾರದ್ದು, ಶುಲ್ಕ ಯಾರದ್ದು ಎಂಬುದನ್ನು ಕೊಟೇಷನ್ನಿನಲ್ಲೇ ಬರೆಸಿಕೊಳ್ಳಬೇಕು. ಕಟ್ಟಡದ ನಕ್ಷೆ ಬದಲಾಗುವುದಾದರೆ ಸ್ಥಳೀಯ ಸಂಸ್ಥೆಯಲ್ಲೂ ಕೇಳಬೇಕು.

ರಿಪೇರಿಗೆ ಯಾರು ಬರ್ತಾರೆ?

ಹೇಳಿದ ಬೆಲೆಯಲ್ಲಿ ಶೇ.18 ಜಿಎಸ್‌ಟಿ, ಕಬ್ಬಿಣದ ಚೌಕಟ್ಟು, ಪಿಟ್, ಸ್ಲ್ಯಾಬ್ ಕೆಲಸ, ವೈರಿಂಗ್ ಸೇರಿವೆಯೋ ಇಲ್ಲವೋ ಎಂದು ಒಂದೊಂದಾಗಿ ಕೇಳಬೇಕು. ಸಿವಿಲ್ ಕೆಲಸ ಬಹುತೇಕ ಮನೆಯವರ ತಲೆಗೇ ಬರೋದು.

ಅದಕ್ಕಿಂತ ಮುಖ್ಯ, ಕೆಟ್ಟಾಗ ಮೆಕ್ಯಾನಿಕ್ ಯಾವ ಊರಿಂದ ಬರಬೇಕು? ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಐವತ್ತು ಕಿ.ಮೀ. ಆಸುಪಾಸು, ಸೊರಬ ಇನ್ನೂ ದೂರ. ಬೆಂಗಳೂರಿನಿಂದ ಬರಬೇಕಾದರೆ ಲಿಫ್ಟ್ ವಾರಗಟ್ಟಲೆ ನಿಂತಿರುತ್ತೆ, ಅಷ್ಟು ದಿನ ಹಿರಿಯರೂ ಮೇಲೆಯೇ. ಮಾರುವವರು ಈಗಾಗಲೇ ಜಿಲ್ಲೆಯಲ್ಲಿ ಹಾಕಿಕೊಟ್ಟ ಎರಡು ಮೂರು ಮನೆಗಳ ವಿಳಾಸ ಕೇಳಿ, ಹೋಗಿ ನೋಡಿಬಂದರೆ ಒಳ್ಳೇದು. ಅಲ್ಲಿ ಕೇಳಬೇಕಾದದ್ದು ‘ಲಿಫ್ಟ್ ಹೇಗಿದೆ’ ಅಂತಲ್ಲ, ‘ಕಳೆದ ಸಲ ಕೆಟ್ಟಾಗ ಎಷ್ಟು ದಿನಕ್ಕೆ ಬಂದ್ರು’ ಅಂತ. ವರ್ಷದ ನಿರ್ವಹಣಾ ಒಪ್ಪಂದ ಎರಡು ಬಗೆ ಇರುತ್ತೆ: ಬಿಡಿಭಾಗ ಸೇರಿದ್ದು, ಬರೀ ಸರ್ವಿಸ್ ಮಾತ್ರದ್ದು. ಎರಡನೆಯದು ಅಗ್ಗ, ಆದರೆ ಬೋರ್ಡ್ ಸುಟ್ಟರೆ ಅದರ ದುಡ್ಡು ಬೇರೆ. ಮುಂಗಡದ ಕಂತುಗಳಲ್ಲಿ ಕೊನೆಯದನ್ನು ಪರವಾನಗಿ ಕೈಗೆ ಬಂದು, ಮೇನ್ ಸ್ವಿಚ್ ಆಫ್ ಮಾಡಿ ಎಆರ್‌ಡಿ ಕೆಲಸ ಮಾಡುತ್ತಾ ಎಂದು ಕಣ್ಣಾರೆ ನೋಡಿದ ಮೇಲೆ ಕೊಟ್ಟರೆ ಸಾಕು.