ಚಲಚ್ಚಿತ್ರಗಳ ಗತಿಪರಿವರ್ತನೆಯೂ ಯಕ್ಷಗಾನದ ಶ್ರುತಿಲಯಗಳೂ

ಕುಂದಾಪುರದ ಸಮೀಪದ ಹಟ್ಟಿಯಂಗಡಿಯು ಸಿದ್ಧಿವಿನಾಯಕ ದೇವಾಲಯದಿಂದ ಪ್ರಖ್ಯಾತವಾದ ಊರು. ಅದರ ಹೆಸರಿನಲ್ಲಿ ಬಡಗುತಿಟ್ಟಿನ ಯಕ್ಷಗಾನ ಮೇಳವೂ ಉಂಟು. ಇಂತಹ ಮೇಳಗಳ ಆಟಗಳನ್ನು ಪ್ರೇಕ್ಷಕರು ಈಗ ಮೊಬೈಲುಗಳಲ್ಲಿ ಚಿತ್ರಿಸಿಡುತ್ತಾರೆ. ಭಾಗವತಿಕೆಯ ಶ್ರುತಿಯನ್ನೂ ಮದ್ದಳೆ ಚಂಡೆಗಳ ಲಯವನ್ನೂ ಮುಂದೆ ವಿಚಾರಮಾಡುವವರಿಗೆ ಇವು ಆಧಾರಗಳಾಗತಕ್ಕವು. ಓಲೆಗರಿಯನ್ನು ಪ್ರತಿಮಾಡುವಾಗ ಲಿಪಿಕಾರನಿಂದ ಪಾಠವು ಕೆಡುವಂತೆ ಇವುಗಳನ್ನು ಪ್ರತಿಮಾಡುವಾಗಲೂ ಪಾಠವು ಕೆಡುವುದುಂಟು.

ಚಲಚ್ಚಿತ್ರವು ವಸ್ತುತಃ ಬೇಗಬೇಗನೆ ತೋರುವ ಸ್ಥಿರಚಿತ್ರಗಳ ಪರಂಪರೆ. ಅವುಗಳಲ್ಲಿ ಒಂದೊಂದಕ್ಕೆ ಫ್ರೇಮೆಂದು ಹೆಸರು. ವಾಕ್ಚಿತ್ರಗಳಿಗೆ ಸೆಕೆಂಡಿಗೆ 24 ಫ್ರೇಮುಗಳು ರೂಢಿ. ಭಾರತದ ದೂರದರ್ಶನವು ಅನುಸರಿಸಿದ ಪಾಲ್ ಪದ್ಧತಿಯಲ್ಲಿ 25. ಧ್ವನಿಯಾದರೋ ಈ ಎಣಿಕೆಗೆ ಒಳಪಡದೆ ತನ್ನ ಕಾಲದಲ್ಲಿಯೇ ಸಾಗುವುದು. ಒಂದು ಗಂಟೆಯ 24ರ ಚಿತ್ರವನ್ನು ಫ್ರೇಮುಗಳನ್ನು ಹೆಚ್ಚಿಸದೆ 25ರ ಗತಿಯಲ್ಲಿ ಓಡಿಸಿದರೆ ಅದು 57 ನಿಮಿಷ 36 ಸೆಕೆಂಡುಗಳಲ್ಲಿ ಮುಗಿಯುವುದು. ಧ್ವನಿಯನ್ನು ಮೊದಲಿನಂತೆಯೇ ಬಿಟ್ಟರೆ ಕಡೆಯಲ್ಲಿ 2 ನಿಮಿಷ 24 ಸೆಕೆಂಡುಗಳ ಅಂತರ ಬೀಳುವುದು; ವೇಷಧಾರಿಯ ಹೆಜ್ಜೆ ಮುಗಿದ ಎಷ್ಟೋ ಹೊತ್ತಿಗೆ ಚಂಡೆಯ ಪೆಟ್ಟು ಕೇಳಿಸುವುದು.

ಇದಕ್ಕೆ ಪರಿಹಾರಗಳು ಎರಡು. ಧ್ವನಿಯನ್ನೂ ಅಷ್ಟೇ ತ್ವರೆಗೊಳಿಸುವುದು ಒಂದು. ಆಗ ಹೆಜ್ಜೆಗೂ ಪೆಟ್ಟಿಗೂ ಮೇಳವುಂಟಾದರೂ ಶ್ರುತಿಯು 25/24ರಷ್ಟು ಏರುವುದು. ಇಪ್ಪತ್ತೆರಡು ಶ್ರುತಿಗಳನ್ನು ಅನುಪಾತಗಳಿಂದ ಗಣಿಸುವವರ ಮತದಲ್ಲಿ 16/15 ಮತ್ತು 10/9ರ ಋಷಭಗಳ ನಡುವಣ ಅಂತರವೂ ಇದೇ ಆಗಿದೆ. ಹಾರ್ಮೋನಿಯಮ್ಮಿನ ಅಕ್ಕಪಕ್ಕದ ಎರಡು ಮನೆಗಳ ಅಂತರದಲ್ಲಿ ಇದು ಹತ್ತಕ್ಕೆ ಏಳು ಪಾಲು. ಯಂತ್ರದಿಂದ ಶ್ರುತಿಯನ್ನು ಮಾತ್ರ ಇಳಿಸಬಹುದು. ಆದರೂ ಲಯವು ನೂರಕ್ಕೆ ನಾಲ್ಕರಷ್ಟು ತ್ವರಿತವಾಗಿಯೇ ಉಳಿಯುವುದು. ಸೆಕೆಂಡಿಗೆ ಒಂದು ಫ್ರೇಮನ್ನು ಪುನರುಕ್ತಿಮಾಡಿ ಧ್ವನಿಯನ್ನು ಮುಟ್ಟದಿರುವುದು ಎರಡನೆಯದು. ಇದರಿಂದ ಚಲನೆಯಲ್ಲಿ ತುಸು ತಡವರಿಕೆ ತೋರಿದರೂ ಶ್ರುತಿಲಯಗಳೆರಡೂ ಅಕ್ಷತವಾಗಿರುವುವು. ಸಂಶೋಧನೆಗೆ ಇದೇ ಗ್ರಾಹ್ಯ.

ಮೊಬೈಲಿನ ಚಿತ್ರಗಳಲ್ಲಿ ಮತ್ತೊಂದು ತೊಡಕುಂಟು. ಬೆಳಕು ಕುಂದಿದಾಗ ಹಲವು ಮೊಬೈಲುಗಳು ಫ್ರೇಮುಗಳ ಸಂಖ್ಯೆಯನ್ನು ತಾವೇ ಇಳಿಸುತ್ತವೆ. ಇಂತಹುದನ್ನು ಪರಿವರ್ತಿಸುವಾಗ ಫ್ರೇಮುಗಳನ್ನು ಎಣಿಸದೆ ಪ್ರತಿಯೊಂದರ ಜೊತೆಗೆ ದಾಖಲಾದ ಕಾಲವನ್ನೇ ಪ್ರಮಾಣವಾಗಿ ಹಿಡಿಯಬೇಕು.

ಪರೀಕ್ಷೆಯು ಸುಲಭ. ಆದಿ, ಮಧ್ಯ, ಅಂತ್ಯಗಳಲ್ಲಿ ಒಂದೊಂದು ಚಂಡೆಪೆಟ್ಟನ್ನು ಕೋಲಿನ ಚಲನೆಯೊಡನೆ ಹೋಲಿಸಬೇಕು. ಅಂತರವು ಎಲ್ಲೆಡೆ ಸಮವಾಗಿದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಸಾಕು; ಕ್ರಮವಾಗಿ ಬೆಳೆದರೆ ಗತಿದೋಷ; ಏರಿಳಿದರೆ ಫ್ರೇಮುಗಳ ವೈಷಮ್ಯ.

ಆದಕಾರಣ ಮೂಲಪ್ರತಿಯನ್ನು ತಿದ್ದದೆ ಕಾಪಾಡಿ, ಪ್ರತಿಯಲ್ಲಿ ಗತಿಯನ್ನೂ ಮಾಡಿದ ಮಾರ್ಪಾಟನ್ನೂ ಬರೆದಿಡುವುದು ಅವಶ್ಯಕ. ಹಾಗಿಲ್ಲದಿದ್ದರೆ ಲಿಪಿಕಾರನ ಸ್ಖಾಲಿತ್ಯವನ್ನು ಕವಿಯ ಮೇಲೆ ಹೊರಿಸಿದಂತೆ, ಯಂತ್ರವು ಏರಿಸಿದ ಶ್ರುತಿಯನ್ನು ಭಾಗವತನದೆಂದು ನಿರ್ಣಯಿಸುವ ಪ್ರಮಾದವು ಸಂಭವಿಸುವುದು.