ನೋವು ಒಂದೆಡೆ, ರೋಗ ಇನ್ನೊಂದೆಡೆ

ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಕೆಲವು ವಾರಗಳಿಂದ ಎಡತೋಳು ನೋಯುತ್ತಿತ್ತು. ಪುಸ್ತಕದ ಚೀಲವನ್ನು ಹೊತ್ತು ತೋಳು ಸೋತಿರಬೇಕೆಂದು ಬಗೆದು, ಅವರು ರಾತ್ರಿ ಎಣ್ಣೆ ತಿಕ್ಕಿಸಿಕೊಂಡು ಶಾಖ ಕೊಡುತ್ತಿದ್ದರು. ಆದರೆ ಚೀಲವನ್ನು ಹಿಡಿದು ನಿಂತಾಗ ನೋವಿಲ್ಲ; ಬರಿಗೈಯಲ್ಲಿ ಮಹಡಿಯ ಮೆಟ್ಟಿಲೇರಿದರೆ ನೋವು; ಐದು ನಿಮಿಷ ಕುಳಿತರೆ ಶಮನ! ಇದನ್ನು ಕೇಳಿದ ವೈದ್ಯರು ತೋಳನ್ನು ಬಿಟ್ಟು ಎದೆಯನ್ನು ಪರೀಕ್ಷಿಸಿದರು. ರೋಗವಿದ್ದುದು ಹೃದಯಕ್ಕೆ ರಕ್ತವನ್ನೊದಗಿಸುವ ಧಮನಿಗಳಲ್ಲಿ.

ಹೃದಯದ ಬೇನೆ ತೋಳಿನಲ್ಲಿ ಕಾಣಿಸಿಕೊಳ್ಳುವುದು ಹೇಗೆ? ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅದರ ಮುಂಬಾಗಿಲಿಗೂ ಹಿಂಬಾಗಿಲಿಗೂ ಒಂದೊಂದು ಗುಂಡಿ. ಎರಡರ ತಂತಿಗಳೂ ಕೂಡಿ ಒಳಗಿನ ಒಂದೇ ಗಂಟೆಗೆ ಸೇರಿವೆ. ಬರುವವರೆಲ್ಲ ಸಾಮಾನ್ಯವಾಗಿ ಮುಂಬಾಗಿಲಿಗೇ ಬರುತ್ತಾರೆ. ಎಂದೋ ಒಮ್ಮೆ ಹಿಂಬಾಗಿಲಿನ ಗುಂಡಿಯನ್ನು ಯಾರಾದರೂ ಒತ್ತಿದರೂ ಮನೆಯವರು ರೂಢಿಯಂತೆ ಮುಂಬಾಗಿಲಿಗೇ ಓಡುತ್ತಾರೆ. ಗಂಟೆ ಸುಳ್ಳಾಡಲಿಲ್ಲ, ತಪ್ಪಿದುದು ಸ್ಥಳದ ಊಹೆ.

ನಮ್ಮ ದೇಹದಲ್ಲಿಯೂ ವ್ಯವಸ್ಥೆ ಹೀಗೆಯೇ ಇದೆ. ಬೆನ್ನುಹುರಿಯಿಂದ ಮೆಟ್ಟಿಲು ಮೆಟ್ಟಿಲಾಗಿ 31 ಜೊತೆ ನರಗಳು ಹೊರಡುತ್ತವೆ. ಹೃದಯದ ವೇದನೆಯನ್ನು ತರುವ ತಂತುಗಳು ಬೆನ್ನುಹುರಿಯ ಎದೆಭಾಗದ ಮೇಲಿನ ಮೆಟ್ಟಿಲುಗಳನ್ನು ಸೇರುತ್ತವೆ. ತೋಳಿನ ಒಳಮಗ್ಗುಲ ಚರ್ಮದ ತಂತುಗಳೂ ಅಲ್ಲಿಗೇ ಬರುತ್ತವೆ. ಎರಡೂ ಅನೇಕ ವೇಳೆ ಒಂದೇ ನರಕೋಶದ ಮೇಲೆ ಕೊನೆಗಾಣುತ್ತವೆ. ಚರ್ಮದಿಂದ ದಿನವೂ ಸುದ್ದಿ ಬರುತ್ತದೆ. ಹೃದಯದಿಂದ ಬರುವುದು ಅಪರೂಪ. ಆದುದರಿಂದ ಮಿದುಳು ಆ ನೋವನ್ನು ತೋಳಿನದೆಂದೇ ಭಾವಿಸುತ್ತದೆ ಎಂಬುದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪಿರುವ ವಿವರಣೆ. ಇದನ್ನು ‘ಅನ್ಯಸ್ಥಾನ ವೇದನೆ’ ಎನ್ನಬಹುದು.

1893ರಲ್ಲಿ ಇಂಗ್ಲೆಂಡಿನ ನರರೋಗತಜ್ಞ ಹೆನ್ರಿ ಹೆಡ್, ಒಳ ಅವಯವಗಳು ಕೆಟ್ಟಾಗ ಚರ್ಮದ ಯಾವ ಯಾವ ಭಾಗಗಳು ನೋಯುತ್ತವೆ ಎಂಬುದನ್ನು ರೋಗಿಗಳಲ್ಲಿ ಗಮನಿಸಿ ಪ್ರಕಟಿಸಿದನು. ಆ ಭಾಗಗಳಿಗೆ ಇಂದಿಗೂ ‘ಹೆಡ್ ವಲಯ’ಗಳೆಂದು ಹೆಸರು.

ಇದಕ್ಕೆ ಉದಾಹರಣೆಗಳು ಹಲವು. ಪಿತ್ತಕೋಶದ ಬೇನೆ ಬಲಭುಜದಲ್ಲಿಯೋ ಬಲ ಹೆಗಲೆಲುಬಿನ ಕೆಳಗೋ ತೋರಬಹುದು. ಮೂತ್ರನಾಳದಲ್ಲಿ ಸಿಲುಕಿದ ಕಲ್ಲಿನ ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ. ಅಪೆಂಡಿಕ್ಸಿನ ಉರಿಯೂತ ಮೊದಲು ಹೊಕ್ಕುಳ ಸುತ್ತ ನೋಯಿಸಿ, ಉರಿ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆ ಬಲಗಡೆಯ ಕೆಳಹೊಟ್ಟೆಗೆ ಸರಿಯುತ್ತದೆ. ಹೊಟ್ಟೆಗೆ ಪೆಟ್ಟುಬಿದ್ದು ಗುಲ್ಮ ಒಡೆದರೆ ಎಡಭುಜದ ತುದಿ ನೋಯಬಹುದು. ಅಲ್ಲಿ ಸೋರಿದ ರಕ್ತ ಎದೆಗೂ ಹೊಟ್ಟೆಗೂ ನಡುವಣ ವಪೆಯನ್ನು ಕೆಣಕುವುದೇ ಇದಕ್ಕೆ ಕಾರಣ. ವಪೆಗೂ ಭುಜಕ್ಕೂ ಏನು ನಂಟು? ಭ್ರೂಣದಲ್ಲಿ ವಪೆ ಮೊಳೆಯುವುದು ಕುತ್ತಿಗೆಯ ಮಟ್ಟದಲ್ಲಿ. ಬೆಳೆಯುತ್ತ ಅದು ಕೆಳಗಿಳಿಯುವಾಗ ಕುತ್ತಿಗೆಯ ನರವನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಊರು ಬಿಟ್ಟರೂ ಹಳೆಯ ವಿಳಾಸ ಬಿಡಲಿಲ್ಲ!

ಹಾಗೆಂದು ತೋಳು ನೋಯಿಸಿಕೊಂಡವರೆಲ್ಲ ಹೃದ್ರೋಗಿಗಳೆಂದು ಅಂಜಬೇಕಾಗಿಲ್ಲ. ಭುಜದ ನೋವು ಬಹುಮಟ್ಟಿಗೆ ಭುಜದ್ದೇ. ಸ್ನಾಯುವಿನ ನೋವು ಆ ಅಂಗವನ್ನು ಆಡಿಸಿದಾಗ, ಒತ್ತಿದಾಗ ಸಾಮಾನ್ಯವಾಗಿ ಹೆಚ್ಚುತ್ತದೆ. ನೋಯುವ ಅಂಗಕ್ಕೆ ಕೆಲಸವಿಲ್ಲದಿದ್ದರೂ ನಡೆದಾಗ, ಮೆಟ್ಟಿಲೇರಿದಾಗ ಬಂದು ವಿಶ್ರಾಂತಿಯಿಂದ ತಗ್ಗುವ ನೋವು ಮಾತ್ರ ಸಂಶಯಾಸ್ಪದ. ತೋಳು, ದವಡೆ ಅಥವಾ ಎದೆಯಲ್ಲಿ ಹಠಾತ್ತಾಗಿ ನೋವೋ ಬಿಗಿತವೋ ಹುಟ್ಟಿ, ಬೆವರು, ಏದುಸಿರು, ವಾಕರಿಕೆಗಳು ಕೂಡಿದರೆ, ವಿಶ್ರಾಂತಿಯಿಂದ ತಗ್ಗುವುದೇ ಎಂದು ನೋಡುತ್ತ ಕೂರದೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಮಧುಮೇಹಿಗಳಲ್ಲಿ ಎದೆನೋವಿಲ್ಲದೆಯೂ ಹೃದಯಾಘಾತವಾಗುವುದುಂಟು. ಇಂಥ ಹೊತ್ತಿನಲ್ಲಿ ನೋವಿನ ಗುಳಿಗೆ ನುಂಗಿ ಮಲಗುವುದು, ಗಂಟೆಯ ತಂತಿಯನ್ನು ಕತ್ತರಿಸಿ ಅತಿಥಿ ಹೋದನೆಂದು ತಿಳಿದಂತೆ.

ನನ್ನ ಸಹೋದ್ಯೋಗಿಗಳು ಚಿಕಿತ್ಸೆ ಪಡೆದು ಮತ್ತೆ ಪಾಠ ಹೇಳುತ್ತಿದ್ದಾರೆ. ಅವರನ್ನು ಉಳಿಸಿದುದು ನೋವು ಎಲ್ಲಿತ್ತೆಂಬುದಲ್ಲ, ಯಾವಾಗ ಬರುತ್ತಿತ್ತೆಂಬುದು. ವೈದ್ಯರ ಬಳಿ ಹೋದಾಗ ನಾವೂ ಇವೆರಡನ್ನೂ ಹೇಳಲು ಕಲಿಯಬೇಕು.