ಕೆನಡಾದಲ್ಲಿ ಹಿಮ, ತವರಿನಲ್ಲಿ ಚಂಡಮಾರುತ

ಡಿಸೆಂಬರ್‌ನಲ್ಲಿ ಕೆನಡಾದ ಟೊರಾಂಟೊದಲ್ಲಿ ಉಷ್ಣಾಂಶ ಆಗಾಗ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅದೇ ಹೊತ್ತಿಗೆ ಫಿಲಿಪ್ಪೀನ್ಸ್ ಸುತ್ತಲಿನ ಸಮುದ್ರ ಬೆಚ್ಚಗೇ ಇರುತ್ತದೆ. ಚಂಡಮಾರುತ ಹುಟ್ಟಲು ಸಮುದ್ರದ ಮೇಲ್ಮೈ ನೀರು ಕನಿಷ್ಠ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಉಷ್ಣವಲಯದ ಪಶ್ಚಿಮ ಪೆಸಿಫಿಕ್‌ನಲ್ಲಿ ಈ ಬಿಸಿ ವರ್ಷವಿಡೀ ಸಿಗುತ್ತದೆ. ಆದ್ದರಿಂದ ಕೆನಡಾದಲ್ಲಿ ದುಡಿಯುವ ಫಿಲಿಪ್ಪೀನ್ಸ್ ಜನ ಹಿಮದ ನಡುವೆ ಕುಳಿತು ತವರಿನ ಬಿರುಗಾಳಿಯ ಸುದ್ದಿಗೆ ಕಾಯಬೇಕಾಗುತ್ತದೆ.

2021ರ ಡಿಸೆಂಬರ್ 16ರ ಮಧ್ಯಾಹ್ನ ‘ರಾಯ್’ ಚಂಡಮಾರುತ ಫಿಲಿಪ್ಪೀನ್ಸ್‌ನ ಸಿಯಾರ್ಗಾವ್ ದ್ವೀಪಕ್ಕೆ ಅಪ್ಪಳಿಸಿತು. ಸ್ಥಳೀಯವಾಗಿ ಅದರ ಹೆಸರು ‘ಒಡೆಟ್’. ಗಾಳಿಯ ವೇಗ ಗಂಟೆಗೆ 195 ಕಿ.ಮೀ. ಬೊಹೋಲ್, ಸೆಬು ದ್ವೀಪಗಳಲ್ಲೂ ಮನೆಗಳ ಚಾವಣಿಗಳು ಹಾರಿದವು, ವಿದ್ಯುತ್ ಕಂಬಗಳು ಉರುಳಿದವು. 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಚಂಡಮಾರುತ ಅಪ್ಪಳಿಸಿದಾಗ ಟೊರಾಂಟೊದಲ್ಲಿ ನಡುರಾತ್ರಿ. ಚಳಿಗಾಲದಲ್ಲಿ ಎರಡೂ ಕಡೆಗಳ ನಡುವೆ 13 ಗಂಟೆಗಳ ಅಂತರವಿರುತ್ತದೆ. ಮೊಬೈಲ್ ಸಂಪರ್ಕವೂ ಕಡಿದುಹೋದ್ದರಿಂದ ಅನೇಕ ಮನೆಗಳವರ ಕ್ಷೇಮ ತಿಳಿಯಲು ದಿನಗಳೇ ಹಿಡಿದವು.

ಮೊಬೈಲ್ ಗೋಪುರಗಳು ಉರುಳಿದಾಗ, ವಿದ್ಯುತ್ ನಿಂತು ಬ್ಯಾಟರಿ ಬರಿದಾದಾಗ ದೂರವಾಣಿ ಮೌನವಾಗುತ್ತದೆ. ಉತ್ತರ ಬರಲಿಲ್ಲವೆಂದ ಮಾತ್ರಕ್ಕೆ ಅನಾಹುತವಾಗಿದೆ ಎಂದಲ್ಲ. ಇಂಥ ಹೊತ್ತಿನಲ್ಲಿ ಕರೆ ಸಿಗದಿದ್ದರೂ ಚಿಕ್ಕ ಎಸ್‌ಎಂಎಸ್ ತಲುಪುವ ಸಾಧ್ಯತೆ ಹೆಚ್ಚು, ಏಕೆಂದರೆ ಅದಕ್ಕೆ ಬೇಕಾದ ಜಾಲದ ಸಾಮರ್ಥ್ಯ ಕಡಿಮೆ. ಮನೆಯವರು ಯಾವ ಆಶ್ರಯ ಕೇಂದ್ರಕ್ಕೆ ಹೋಗುತ್ತಾರೆ, ಬೇರೆ ಊರಿನ ಯಾವ ಬಂಧುವಿಗೆ ಮೊದಲು ಸುದ್ದಿ ಮುಟ್ಟಿಸುತ್ತಾರೆ ಎಂಬುದನ್ನು ಮುನ್ಸೂಚನೆ ಬಂದ ದಿನವೇ ಮಾತಾಡಿಕೊಳ್ಳಬೇಕು. ದೂರದಲ್ಲಿರುವವರು ತಮ್ಮವರಿಗೆ ಮಾಡಬಹುದಾದ ಮೊದಲ ಸಹಾಯ ಇದೇ.